ಜೋರ್ಡಾನ್ ಇರುವಾಗ ಟಿಮ್ ಡಂಕನ್ ಏಕೆ?

ಸಂಜೆಯ ಬ್ಯಾಸ್ಕೆಟ್‌ಬಾಲ್ ಅಭ್ಯಾಸ ಮುಗಿದು ಮಕ್ಕಳು ಶೂ ಬಿಚ್ಚುತ್ತಿರುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ನಿಮಗೆ ಯಾವ ಆಟಗಾರ ಇಷ್ಟ?" ಟಿಮ್ ಡಂಕನ್ ಎನ್ನುತ್ತೇನೆ. ಆ ಹೆಸರು ಕೇಳಿರದ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಕೇಳಿರುವ ದೊಡ್ಡವರು ಮಾತ್ರ ಅಷ್ಟಕ್ಕೆ ಬಿಡುವುದಿಲ್ಲ. ಮೈಕಲ್ ಜೋರ್ಡಾನ್, ಕೋಬಿ ಬ್ರಯಾಂಟ್, ಲೆಬ್ರಾನ್ ಜೇಮ್ಸ್ ಇಷ್ಟು ಜನರನ್ನು ಬಿಟ್ಟು, ಹೋಗಿ ಹೋಗಿ ಆ ನೀರಸ ಮನುಷ್ಯನೇ? ಎಂದು ವಾದಕ್ಕೆ ನಿಲ್ಲುತ್ತಾರೆ. ಅಂಕಣದ ಅಂಚಿನಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಇದಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲಿಗೆ ಆ ಬೋರ್ಡ್ ಶಾಟ್, ರಿಂಗಿನ ಹಿಂದಿನ ಹಲಗೆಗೆ ತಾಗಿಸಿ ಹಾಕುವ ಎಸೆತ. ರಿಂಗಿನ ಎಡಗಡೆ, ಬೋರ್ಡಿಗೆ ಓರೆಯಾಗಿ, ಹತ್ತು ಹನ್ನೆರಡು ಅಡಿ ದೂರದಲ್ಲಿ ಡಂಕನ್ ಚೆಂಡು ಹಿಡಿದು ಎದುರಾಳಿಯ ಕಡೆಗೆ ತಿರುಗುತ್ತಿದ್ದರು. ಒಂದು ಸಣ್ಣ ಹುಸಿ ಚಲನೆ. ನಂತರ ಚೆಂಡನ್ನು ರಿಂಗಿಗಲ್ಲ, ಬೋರ್ಡಿನ ಮೇಲೆ ಬರೆದಿರುವ ಚೌಕದ ಮೇಲ್ತುದಿಗೆ ತಾಗಿಸುತ್ತಿದ್ದರು. ಅಲ್ಲಿ ಬಡಿದ ಚೆಂಡು ವೇಗ ಕಳೆದುಕೊಂಡು ಸದ್ದಿಲ್ಲದೆ ಬಲೆಯೊಳಗೆ ಇಳಿಯುತ್ತಿತ್ತು. ಹತ್ತೊಂಬತ್ತು ಋತು ಅದೇ ಜಾಗ, ಅದೇ ಚೌಕ. ಎದುರಾಳಿಗೆ ಮುಂದೇನಾಗುವುದೆಂದು ಗೊತ್ತಿರುತ್ತಿತ್ತು, ತಡೆಯಲು ಮಾತ್ರ ಆಗುತ್ತಿರಲಿಲ್ಲ. ಆ ಕಾಲದ ಇನ್ನೊಬ್ಬ ದೊಡ್ಡ ಆಟಗಾರ ಶಕೀಲ್ ಓ'ನೀಲ್ ಅವರಿಗೆ 'ದ ಬಿಗ್ ಫಂಡಮೆಂಟಲ್' ಎಂದು ಹೆಸರಿಟ್ಟರು, ಮೂಲಪಾಠಗಳನ್ನೇ ಮೈಗೂಡಿಸಿಕೊಂಡ ದೈತ್ಯ ಎಂಬ ಅರ್ಥದಲ್ಲಿ. ಹೌದು, ಡಂಕನ್ ಅವರ ಎತ್ತರ 211 ಸೆಂಟಿಮೀಟರ್. ಆದರೆ ಆ ಬೋರ್ಡ್ ಶಾಟ್‌ಗೆ ಬೇಕಾದದ್ದು ಎತ್ತರವಲ್ಲ, ಪಾದ ಊರುವ ಶಿಸ್ತು ಮತ್ತು ಕೋನದ ಅಂದಾಜು. 3.05 ಮೀಟರ್ ಎತ್ತರದಲ್ಲಿರುವ ರಿಂಗನ್ನು ಬಹುಶಃ ಎಂದೂ ಮುಟ್ಟಲಾರದ ಹನ್ನೆರಡು ವರ್ಷದ ಹುಡುಗಿಗೂ ನಾನು ಅದನ್ನು ಕಲಿಸಬಲ್ಲೆ. ಜೋರ್ಡಾನ್ ಗಾಳಿಯಲ್ಲಿ ತೇಲುವುದನ್ನು ತೋರಿಸಿ ಆ ಹುಡುಗಿಯನ್ನು ಬೆರಗುಗೊಳಿಸಬಹುದು, ಕಲಿಸಲು ಬರುವುದಿಲ್ಲ. ಕಲಿಸುವವನಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಅವರ ಆಟದಲ್ಲಿ ಕೊರತೆಯೂ ಇತ್ತು, ಅದನ್ನೂ ಮಕ್ಕಳಿಗೆ ಹೇಳುತ್ತೇನೆ. ಯಾರೂ ಅಡ್ಡ ಬರದೆ ಎಸೆಯುವ ಫ್ರೀ ಥ್ರೋಗಳಲ್ಲಿ ಇಡೀ ವೃತ್ತಿಜೀವನದ ಲೆಕ್ಕದಲ್ಲಿ ಅವರ ಸರಾಸರಿ ಯಶಸ್ಸು ಶೇ 70 ಮುಟ್ಟಲಿಲ್ಲ.

ಆದರೆ ಅವರನ್ನು ನಾನು ಹಚ್ಚಿಕೊಂಡದ್ದು ಆ ಶಾಟ್‌ಗಾಗಿ ಅಷ್ಟೇ ಅಲ್ಲ. ಕೈಗೆ ಬಂದದ್ದು ತಪ್ಪಿಹೋದಾಗ ಆ ಮನುಷ್ಯ ನಡೆದುಕೊಂಡ ರೀತಿಗಾಗಿ.

ಡಂಕನ್ ಹುಟ್ಟಿದ್ದು 1976ರಲ್ಲಿ, ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಲ್ಲಿ. ಅಮೆರಿಕದ ಆಡಳಿತಕ್ಕೆ ಒಳಪಟ್ಟ ವರ್ಜಿನ್ ದ್ವೀಪಗಳಲ್ಲಿ ಅದೂ ಒಂದು. ಆ ಹುಡುಗ ಬ್ಯಾಸ್ಕೆಟ್‌ಬಾಲ್ ಆಡುತ್ತಲೇ ಇರಲಿಲ್ಲ, ಅವನು ಈಜುಗಾರ. ಅಕ್ಕ ಟ್ರಿಶಾ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಈಜಿದ್ದಳು. 400 ಮೀಟರ್ ಫ್ರೀಸ್ಟೈಲ್‌ನಲ್ಲಿ ತಮ್ಮನೂ ಅದೇ ದಾರಿಯಲ್ಲಿದ್ದ. 1989ರ ಸೆಪ್ಟೆಂಬರ್‌ನಲ್ಲಿ ಹ್ಯೂಗೊ ಚಂಡಮಾರುತ ಬಂತು. ದ್ವೀಪದಲ್ಲಿ ಒಲಿಂಪಿಕ್ ಅಳತೆಯ ಈಜುಕೊಳ ಇದ್ದದ್ದು ಒಂದೇ, ಅದೂ ಹಾಳಾಯಿತು. ಸಮುದ್ರದಲ್ಲಿ ಅಭ್ಯಾಸ ಮಾಡೋಣವೆಂದರೆ ಹುಡುಗನಿಗೆ ಶಾರ್ಕ್‌ಗಳ ಭಯ. ಅದರ ಬೆನ್ನಿಗೇ, 1990ರ ಏಪ್ರಿಲ್‌ನಲ್ಲಿ, ಅವನಿಗೆ ಹದಿನಾಲ್ಕು ತುಂಬುವ ಹಿಂದಿನ ದಿನ, ತಾಯಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಈಜುಸ್ಪರ್ಧೆ ಅಲ್ಲಿಗೆ ಮುಗಿಯಿತು.

ಚೆಂಡು ಹಿಡಿಸಿದವರು ಭಾವ. ಇವನು ತೀರಾ ಎತ್ತರ ಬೆಳೆಯಲಾರ ಎಂಬ ಅಂದಾಜಿನಲ್ಲಿ ಅವರು ರಿಂಗಿನಿಂದ ದೂರ ನಿಂತು ಆಡುವ ಗಾರ್ಡ್‌ಗಳ ಆಟವನ್ನು ಕಲಿಸಿದರು. ಅಂದಾಜು ತಪ್ಪಾಯಿತು, ಕಲಿಕೆ ಉಳಿಯಿತು. ಮುಂದೆ ಆ ದೈತ್ಯ ದೇಹಕ್ಕೆ ಬಂದ ನಯವಾದ ಕಾಲ್ಚಳಕದ ಬೇರು ಇಲ್ಲಿಯೇ ಇದೆ ಎಂದು ನನ್ನ ನಂಬಿಕೆ.

ಮಕ್ಕಳೆಲ್ಲ ಪದವಿ ಮುಗಿಸಬೇಕೆಂದು ತಾಯಿ ಮಾತು ತೆಗೆದುಕೊಂಡಿದ್ದರು. ಮಗ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯ ಸೇರಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು ಕಣ್ಣಿಟ್ಟಿದ್ದವು. ಓದು ಬಿಟ್ಟು ಬಂದಿದ್ದರೆ ಕೋಟಿಗಟ್ಟಲೆ ಹಣ ಕೈಸೇರುತ್ತಿತ್ತು, ಮೊಣಕಾಲು ಮುರಿದರೆ ಅದೂ ಇಲ್ಲ ಎಂಬ ಅಪಾಯವೂ ಇತ್ತು. ಆದರೂ ನಾಲ್ಕು ವರ್ಷ ಪೂರ್ತಿ ಅಲ್ಲೇ ಇದ್ದು ಮನಃಶಾಸ್ತ್ರದಲ್ಲಿ ಪದವಿ ಪಡೆದೇ 1997ರಲ್ಲಿ ಹೊರಬಂದ. ಈ ಭಾಗ ಹೇಳುವಾಗ ನಮ್ಮ ಮಕ್ಕಳ ಅಪ್ಪ ಅಮ್ಮಂದಿರ ಮುಖ ಅರಳುತ್ತದೆ. ಮಕ್ಕಳ ಮುಖ ಅಷ್ಟಾಗಿ ಅರಳುವುದಿಲ್ಲ.

ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ಆ ವರ್ಷದ ಮೊದಲ ಆಯ್ಕೆಯಾಗಿ ಅವರನ್ನು ತೆಗೆದುಕೊಂಡದ್ದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಸ್ಪರ್ಸ್. ತಂಡದ ಮುಖ್ಯ ಆಟಗಾರ ಡೇವಿಡ್ ರಾಬಿನ್‌ಸನ್ ಗಾಯಗೊಂಡಿದ್ದ ಹಿಂದಿನ ಋತುವಿನಲ್ಲಿ 82 ಪಂದ್ಯಗಳಲ್ಲಿ 20 ಮಾತ್ರ ಗೆದ್ದಿದ್ದ ತಂಡ ಅದು. ಡಂಕನ್ ಬಂದ ವರ್ಷ 56 ಗೆದ್ದಿತು, 1999ರಲ್ಲಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. ನಂತರ 2003, 2005, 2007, 2014. ತರಬೇತುದಾರ ಗ್ರೆಗ್ ಪೊಪೊವಿಚ್ ಒಬ್ಬರೇ, ಊರು ಒಂದೇ, 21ನೇ ಸಂಖ್ಯೆಯ ಅಂಗಿ ಒಂದೇ. ಒಟ್ಟು 26,496 ಅಂಕ, 15,091 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು). 2003ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ ನ್ಯೂಜೆರ್ಸಿ ನೆಟ್ಸ್ ವಿರುದ್ಧ 21 ಅಂಕ, 20 ರಿಬೌಂಡ್, 10 ಅಸಿಸ್ಟ್ (ಜೊತೆಯವರ ಅಂಕಕ್ಕೆ ಕೊಟ್ಟ ಪಾಸ್), 8 ಬ್ಲಾಕ್ (ಎದುರಾಳಿಯ ಎಸೆತ ತಡೆದದ್ದು). ಇನ್ನೆರಡು ಬ್ಲಾಕ್ ಮಾಡಿದ್ದರೆ ನಾಲ್ಕೂ ವಿಭಾಗಗಳಲ್ಲಿ ಎರಡಂಕಿ ಮುಟ್ಟುತ್ತಿದ್ದರು. ಅದು ರಾಬಿನ್‌ಸನ್ ಅವರ ಕೊನೆಯ ಆಟವೂ ಹೌದು.

ಈಗ 2013ಕ್ಕೆ ಬರುತ್ತೇನೆ. ನನ್ನ ಉತ್ತರದ ತಿರುಳು ಇರುವುದು ಗೆದ್ದ ವರ್ಷಗಳಲ್ಲಿ ಅಲ್ಲ, ಈ ವರ್ಷದಲ್ಲಿ.

ಜೂನ್ 19, ನಮಗೆ ಬೆಳಿಗ್ಗೆ ಆರೂವರೆ, ಮಯಾಮಿಯಲ್ಲಿ ಹಿಂದಿನ ರಾತ್ರಿ. ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ಫೈನಲ್ಸ್‌ನಲ್ಲಿ ಸ್ಪರ್ಸ್ ಮಯಾಮಿ ಹೀಟ್ ವಿರುದ್ಧ 3–2ರಿಂದ ಮುಂದಿತ್ತು. ಮೂವತ್ತೇಳು ವರ್ಷದ ಡಂಕನ್ ಆರನೇ ಪಂದ್ಯದ ಮೊದಲಾರ್ಧದಲ್ಲೇ 25 ಅಂಕ ಗಳಿಸಿದ್ದರು. 28 ಸೆಕೆಂಡು ಉಳಿದಿದ್ದಾಗ ಐದು ಅಂಕಗಳ ಮುನ್ನಡೆ. ಟ್ರೋಫಿ ಸಮಾರಂಭಕ್ಕೆಂದು ಸಿಬ್ಬಂದಿ ಆಗಲೇ ಹಳದಿ ಹಗ್ಗ ಹಿಡಿದು ಅಂಕಣದ ಪಕ್ಕ ಬಂದಿದ್ದರು. ಹೀಟ್ ದೂರದಿಂದ ಎಸೆದು ಮೂರು ಅಂಕ ಪಡೆಯುವ ಒಂದು ತ್ರೀ ಪಾಯಿಂಟರ್ ಹಾಕಿತು, ಸ್ಪರ್ಸ್ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ತಪ್ಪಿಸಿಕೊಂಡಿತು. ಎದುರಾಳಿಯ ಕೊನೆಯ ದಾಳಿಗೆ ಪೊಪೊವಿಚ್ ಡಂಕನ್ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಹೊರಗಿನಿಂದ ಎಸೆಯುವವರ ಹಿಂದೆ ಓಡಬಲ್ಲ ಚುರುಕು ಕಾಲುಗಳು ಬೇಕಿದ್ದವು, ಆ ಲೆಕ್ಕ ತಪ್ಪೇನಲ್ಲ. ಆಗ ಹೀಟ್ ಪರ ಆಡುತ್ತಿದ್ದ ಲೆಬ್ರಾನ್ ಎಸೆತ ತಪ್ಪಿತು. ಡಂಕನ್ ಇಲ್ಲದ ಆ ಜಾಗದಲ್ಲಿ ರಿಬೌಂಡ್ ಹೀಟ್‌ನ ಕ್ರಿಸ್ ಬಾಷ್ ಪಾಲಾಯಿತು. ಅವರಿಂದ ಚೆಂಡು ಪಡೆದ ರೇ ಅಲೆನ್ ಹಿಂದೆ ಹಿಂದೆ ಸರಿದು ಮೂಲೆಯಿಂದ ತ್ರೀ ಪಾಯಿಂಟರ್ ಎಸೆದರು. 5.2 ಸೆಕೆಂಡು ಇರುವಂತೆ ಅಂಕ ಸಮ. ಹೆಚ್ಚುವರಿ ಅವಧಿಯಲ್ಲಿ ಸ್ಪರ್ಸ್ ಸೋತಿತು.

ಏಳನೇ ಪಂದ್ಯ. ನಿಮಿಷಕ್ಕೂ ಕಡಿಮೆ ಸಮಯ ಉಳಿದಿದೆ, ಎರಡೇ ಅಂಕಗಳ ಹಿನ್ನಡೆ. ತಮಗಿಂತ ಗಿಡ್ಡನಾದ, ಹೀಟ್‌ನ ಶೇನ್ ಬ್ಯಾಟಿಯರ್ ಅವರನ್ನು ಬೆನ್ನಿಗಿಟ್ಟುಕೊಂಡು ಡಂಕನ್ ರಿಂಗಿನ ಹತ್ತಿರಕ್ಕೇ ಬಂದರು. ಸಾವಿರಾರು ಸಲ ಹಾಕಿದ್ದ ಎಸೆತ. ತಪ್ಪಿತು. ಮತ್ತೆ ಜಿಗಿದು ಚೆಂಡನ್ನು ತಟ್ಟಿದರು, ಅದೂ ತಪ್ಪಿತು. ಓಡಿ ಬಂದು ರಕ್ಷಣೆಗೆ ಬಗ್ಗಿ ನಿಂತವರು ಎರಡೂ ಅಂಗೈಗಳಿಂದ ನೆಲಕ್ಕೆ ಬಡಿದರು. ಮುಖದಲ್ಲಿ ಭಾವನೆಯೇ ಇಲ್ಲ ಎಂದು ಜಗತ್ತೆಲ್ಲ ಆಡಿಕೊಳ್ಳುತ್ತಿದ್ದ ಮನುಷ್ಯ. ನಾನು ಟಿವಿ ಆರಿಸಲಿಲ್ಲ, ಏಳಲೂ ಆಗಲಿಲ್ಲ. ಪಂದ್ಯ ಮುಗಿದ ಮೇಲೆ ಡಂಕನ್ ಯಾರನ್ನೂ ದೂರಲಿಲ್ಲ, ಬೆಂಚಿನಲ್ಲಿ ಕೂರಿಸಿದ್ದರ ಬಗ್ಗೆಯೂ ಗೊಣಗಲಿಲ್ಲ. ಈ ಏಳನೇ ಪಂದ್ಯ ತನ್ನನ್ನು ಸದಾ ಕಾಡುತ್ತದೆ ಎಂದಷ್ಟೇ ಹೇಳಿದರು.

ಆ ವಯಸ್ಸಿನಲ್ಲಿ ಅಂಥ ಸೋಲಾದ ಮೇಲೆ ಬಿಟ್ಟುಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಮತ್ತೆ ಬಂದರು. ತಂಡ ಅಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ ಅವರದೇ ಇನ್ನೊಂದು ನಿರ್ಧಾರವೂ ಕಾರಣ. 2012ರಲ್ಲಿ ಒಪ್ಪಂದ ನವೀಕರಿಸುವಾಗ ಎರಡು ಕೋಟಿ ಡಾಲರ್ ದಾಟಿದ್ದ ವಾರ್ಷಿಕ ಸಂಭಾವನೆಯನ್ನು ಅರ್ಧಕ್ಕೂ ಕಡಿಮೆಗೆ ಇಳಿಸಿಕೊಳ್ಳಲು ಒಪ್ಪಿದ್ದರು. ತಂಡಗಳ ಒಟ್ಟು ಸಂಭಾವನೆಗೆ ಮಿತಿಯಿರುವ ಲೀಗ್‌ನಲ್ಲಿ ಒಬ್ಬರು ಬಿಟ್ಟುಕೊಟ್ಟ ಹಣವೇ ಇನ್ನೊಬ್ಬರನ್ನು ಉಳಿಸಿಕೊಳ್ಳುತ್ತದೆ. ಫ್ರಾನ್ಸ್‌ನಲ್ಲಿ ಬೆಳೆದ ಟೋನಿ ಪಾರ್ಕರ್, ಅರ್ಜೆಂಟೀನಾದ ಮನು ಜಿನೋಬಿಲಿ, ಎಳೆಯ ಕವಾಯ್ ಲೆನಾರ್ಡ್, ಎಲ್ಲರೂ ಇದ್ದರು. 2014ರಲ್ಲಿ ಎದುರಿಗೆ ಬಂದದ್ದೂ ಅದೇ ಮಯಾಮಿ ಹೀಟ್. ಈ ಬಾರಿ ಬಿಡುವುದಿಲ್ಲ ಎಂದು ಫೈನಲ್ಸ್‌ಗೆ ಮೊದಲೇ ಡಂಕನ್ ಬಾಯಿಬಿಟ್ಟು ಹೇಳಿದ್ದರು, ಅವರ ಸ್ವಭಾವಕ್ಕೆ ಅದು ಹೊಸತು. ಐದನೇ ಪಂದ್ಯದ ಆರಂಭದಲ್ಲಿ 6–22ರಿಂದ ಹಿಂದಿದ್ದ ತಂಡ 104–87ರಿಂದ ಗೆದ್ದು, 4–1ರಲ್ಲಿ ಸರಣಿ ಮುಗಿಸಿತು. ಚೆಂಡು ಒಬ್ಬನ ಕೈಯಲ್ಲಿ ನಿಲ್ಲದೆ ಐವರ ನಡುವೆ ಹರಿದಾಡಿದ ಆ ಆಟದಷ್ಟು ಸುಂದರವಾದದ್ದನ್ನು ನಾನು ಇನ್ನೊಂದು ನೋಡಿಲ್ಲ.

2016ರಲ್ಲಿ ಕೋಬಿ ಊರೂರಲ್ಲೂ ಬೀಳ್ಕೊಡುಗೆ ಪಡೆದು ನಿವೃತ್ತರಾದರು, ಅದು ಅವರಿಗೆ ಸಲ್ಲಬೇಕಾದದ್ದೇ. ಅದೇ ವರ್ಷ ಜುಲೈ 11ರಂದು ಸ್ಪರ್ಸ್ ಒಂದು ಪ್ರಕಟಣೆ ಹೊರಡಿಸಿತು. ಡಂಕನ್ ನಿವೃತ್ತರಾಗಿದ್ದರು. ಪತ್ರಿಕಾಗೋಷ್ಠಿಯೂ ಇರಲಿಲ್ಲ.

ಮರುವರ್ಷ ಸೆಪ್ಟೆಂಬರ್‌ನಲ್ಲಿ ಇರ್ಮಾ, ಮರಿಯಾ ಎಂಬ ಎರಡು ಚಂಡಮಾರುತಗಳು ಒಂದರ ಹಿಂದೊಂದು ವರ್ಜಿನ್ ದ್ವೀಪಗಳ ಮೇಲೆರಗಿದವು. ಕ್ಯಾಮೆರಾ ಕಂಡರೆ ದೂರ ಸರಿಯುತ್ತಿದ್ದ ಡಂಕನ್ ಆಗ ತಾವಾಗಿಯೇ ಬಹಿರಂಗ ಮನವಿ ಬರೆದರು. ಮೊದಲು ತಾವೇ ಎರಡೂವರೆ ಲಕ್ಷ ಡಾಲರ್ ಕೊಟ್ಟರು, ಜನರು ಕೊಡುವ ಮೊತ್ತಕ್ಕೆ ಹತ್ತು ಲಕ್ಷದವರೆಗೆ ಅಷ್ಟೇ ಹಣ ಸೇರಿಸುವುದಾಗಿ ಮಾತು ಕೊಟ್ಟರು. ಅಷ್ಟಕ್ಕೆ ನಿಲ್ಲದೆ ಆಹಾರ ಸಾಮಗ್ರಿಯೊಂದಿಗೆ ವಿಮಾನ ಹತ್ತಿ, ಹದಿಮೂರನೇ ವಯಸ್ಸಿನಲ್ಲಿ ತಮ್ಮ ಈಜುಕೊಳ ಕಳೆದುಕೊಂಡಿದ್ದ ಸೇಂಟ್ ಕ್ರಾಯ್‌ಗೆ ಹೋಗಿ ಇಳಿದರು.