ಓಡಿನ್ ಆರಾಧನೆಯೊಳಗಿನ ಕ್ರೈಸ್ತ ಹೆಜ್ಜೆಗುರುತು

ಓಡಿನ್, ಥಾರ್, ಫ್ರೇಯಾ ಮುಂತಾದ ಉತ್ತರ ಯುರೋಪಿನ ಹಳೆಯ ದೇವತೆಗಳನ್ನು ಇಂದು ನಂಬಿ ನಡೆಯುವವರಲ್ಲಿ ಕ್ರೈಸ್ತ ಮನೆಗಳಲ್ಲಿ ಬೆಳೆದು ಹೊರಬಂದವರು ಬಹಳ. ಅದಕ್ಕೇ ಇರಬೇಕು, ‘ನಮ್ಮದು ಚರ್ಚಿನ ಸೋಂಕಿಲ್ಲದ ಶುದ್ಧ ಧರ್ಮ’ ಎಂಬ ಮಾತು ಈ ವಲಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ, ನಿಲ್ಲಬೇಕಾದ ಅಗತ್ಯವೂ ಇಲ್ಲ. ಅವರ ಮುಖ್ಯ ಆಚರಣೆಯಾದ ಬ್ಲೋಟ್ ಅನ್ನೇ ಬಿಡಿಸಿ ನೋಡೋಣ.

ಹಿಂದೆ ಬ್ಲೋಟ್ ಎಂದರೆ ಪ್ರಾಣಿಬಲಿ. ಈಗ ಬಹುತೇಕ ಕಡೆ ಜೇನಿನಿಂದ ಹುಳಿಬರಿಸಿದ ಮೀಡ್ ಎಂಬ ಪಾನೀಯವೇ ನೈವೇದ್ಯ. ಜನ ಬಯಲಲ್ಲಿ ವೃತ್ತವಾಗಿ ನಿಲ್ಲುತ್ತಾರೆ. ನಡೆಸಿಕೊಡುವವರು ಸುತ್ತಿಗೆಯಿಂದ, ಇಲ್ಲವೇ ಬರಿಗೈಯಿಂದ, ದಿಕ್ಕು ದಿಕ್ಕಿಗೆ ಥಾರನ ಸುತ್ತಿಗೆಯ ಆಕಾರ ಬರೆದು ಜಾಗವನ್ನು ಪವಿತ್ರಗೊಳಿಸುತ್ತಾರೆ. ಅಮೆರಿಕದ ಅನೇಕ ಗುಂಪುಗಳಲ್ಲಿ ಬಳಕೆಯಲ್ಲಿರುವ ಈ ವಿಧಿಯನ್ನು ಎಡ್ರೆಡ್ ಥಾರ್ಸನ್ ಎಂಬ ಹೆಸರಲ್ಲಿ ಬರೆಯುತ್ತಿದ್ದ ಸ್ಟೀಫನ್ ಫ್ಲವರ್ಸ್ ರೂಪಿಸಿದರು. ಅದರ ಚೌಕಟ್ಟು ಬಂದದ್ದು 19ನೇ ಶತಮಾನದ ಕೊನೆಯ ಇಂಗ್ಲೆಂಡಿನ ಗೋಲ್ಡನ್ ಡಾನ್ ಎಂಬ ಗುಪ್ತಸಂಘದ, ಐದು ಮೂಲೆಯ ನಕ್ಷತ್ರ ಬರೆಯುವ ವಿಧಿಯಿಂದ. ಆ ಮೂಲದಲ್ಲಿ ದಿಕ್ಕುಗಳಿಗೆ ನಿಲ್ಲಿಸಿದ್ದು ಹೀಬ್ರೂ ದೇವನಾಮಗಳನ್ನು ಮತ್ತು ಪ್ರಧಾನ ದೇವದೂತರನ್ನು!

ಹಾಗಾದರೆ ಹಳೆಯ ಕಾಲದಲ್ಲಿ ಸುತ್ತಿಗೆಯ ಗುರುತು ಹಾಕುತ್ತಿದ್ದುದಕ್ಕೆ ಆಧಾರ? ಹೆಚ್ಚಾಗಿ ಉಲ್ಲೇಖಿಸುವುದು ನಾರ್ವೆಯ ದೊರೆ ಹಾಕೋನನ ಪ್ರಸಂಗವನ್ನು. ಹಾಕೋನ್ ಕ್ರೈಸ್ತ, ಪ್ರಜೆಗಳು ಅಲ್ಲ. ಹ್ಲಾದಿರ್‌ನ ಹಬ್ಬದೂಟದಲ್ಲಿ ಓಡಿನ್ನನ ಹೆಸರಿನಲ್ಲಿ ಕುಡಿಯುವ ಪಾನೀಯದ ಕೊಂಬು ಕೈಗೆ ಬಂದಾಗ ಅವನು ಅದರ ಮೇಲೆ ಶಿಲುಬೆಯ ಗುರುತು ಮಾಡಿದ. ಒಬ್ಬ ಎದ್ದು ಆಕ್ಷೇಪಿಸಿದ. ಪಕ್ಕದಲ್ಲಿದ್ದ ಸಾಮಂತ ಸಿಗುರ್ಡ್, ‘ದೊರೆ ಮಾಡಿದ್ದು ಸುತ್ತಿಗೆಯ ಗುರುತು, ಥಾರನಿಗೆ ಅರ್ಪಿಸಿದ’ ಎಂದು ಸಮಾಧಾನ ಹೇಳಿ ಪಾರುಮಾಡಿದ. ಹಾಕೋನ್ ಸತ್ತದ್ದು 961ರ ಸುಮಾರಿಗೆ. ಇದನ್ನು ಬರೆದವನು ಐಸ್‌ಲ್ಯಾಂಡಿನ ಕ್ರೈಸ್ತ ಸ್ನೋರಿ ಸ್ಟುರ್ಲುಸನ್, 13ನೇ ಶತಮಾನದಲ್ಲಿ. ಸುತ್ತಿಗೆಯ ಗುರುತು ನಮಗೆ ಸಿಗುವುದೇ ಶಿಲುಬೆಯ ಗುರುತಿನ ಬೆನ್ನಿಗೆ ಅಂಟಿಕೊಂಡು. ಡೆನ್ಮಾರ್ಕಿನ ಟ್ರೆಂಡ್‌ಗೋರ್ಡನ್‌ನಲ್ಲಿ ಸಿಕ್ಕಿದ ಮೆದುಗಲ್ಲಿನ ಅಚ್ಚೂ ಇದನ್ನೇ ಹೇಳುತ್ತದೆ: ಒಂದೇ ಅಚ್ಚಿನಲ್ಲಿ ಶಿಲುಬೆಯನ್ನೂ ಥಾರನ ಸುತ್ತಿಗೆಯನ್ನೂ ಎರಕ ಹೊಯ್ಯಬಹುದಿತ್ತು. ಅಕ್ಕಸಾಲಿಗೆ ಇಬ್ಬರೂ ಗಿರಾಕಿಗಳೇ.

ಮುಂದೆ ದೇವತೆಯನ್ನು ಕರೆದು, ಕೊಂಬಿಗೆ ಮೀಡ್ ತುಂಬಿ ಕೈಯಿಂದ ಕೈಗೆ ದಾಟಿಸುತ್ತಾರೆ. ಇಲ್ಲಿ ಹೊಸಬರು ಎಡವುವುದು ಕೊಂಬಿನ ತುದಿಯಲ್ಲಿ. ತುದಿಯನ್ನು ನೇರ ಮೇಲಕ್ಕೆ ಎತ್ತಿ ಕುಡಿದರೆ ಗಾಳಿ ಒಮ್ಮೆಲೇ ತುದಿಗೆ ನುಗ್ಗಿ, ಒಳಗಿದ್ದದ್ದೆಲ್ಲ ಮುಖಕ್ಕೆ ಚಿಮ್ಮುತ್ತದೆ. ತುದಿಯನ್ನು ಪಕ್ಕಕ್ಕೆ ತಿರುಗಿಸಿ ನಿಧಾನವಾಗಿ ವಾಲಿಸಬೇಕು. ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಬಿಸಿನೀರಲ್ಲಿ ತೊಳೆದರೆ ಕೊಂಬು ಮೆತ್ತಗಾಗಿ ಆಕಾರ ಕೆಡುತ್ತದೆ, ತಣ್ಣೀರೇ ಸರಿ. ಮನೆಯಲ್ಲೇ ಮೀಡ್ ಮಾಡುವುದಾದರೆ 1 ಕಿಲೋ ಜೇನಿಗೆ ಸುಮಾರು 3 ಲೀಟರ್ ನೀರು ಮತ್ತು ಯೀಸ್ಟ್. ಕುಡಿಯುವ ಹದಕ್ಕೆ ಬರಲು ತಿಂಗಳುಗಳೇ ಬೇಕು. ಹುಳಿಯುವುದು ನಿಲ್ಲುವ ಮೊದಲೇ ಬಾಟಲಿಗೆ ಬಿರಡೆ ಬಿಗಿದರೆ ಒಳಗಿನ ಅನಿಲದ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಮದ್ಯ ಮುಟ್ಟದವರಿಗೆ ಸೇಬಿನ ರಸ ಸಾಕು, ಅಥವಾ ಕೊಂಬನ್ನು ಎತ್ತಿ ನಮಿಸಿ ಮುಂದೆ ಕೊಟ್ಟರೂ ನಡೆಯುತ್ತದೆ.

ಬಟ್ಟಲಿಗೆ ಸುರಿದ ಮೀಡಿನಲ್ಲಿ ಹಸಿರು ರೆಂಬೆ ಅದ್ದಿ ನೆರೆದವರ ಮೇಲೆ ಪ್ರೋಕ್ಷಿಸುತ್ತಾರೆ. ಉಳಿದದ್ದನ್ನು ಮರದ ಬುಡಕ್ಕೆ ಸುರಿಯುತ್ತಾರೆ. ಈ ಪ್ರೋಕ್ಷಣೆಯ ವಿವರವೂ ಸ್ನೋರಿಯದೇ: ಅಲ್ಲಿ ಬಟ್ಟಲಲ್ಲಿದ್ದದ್ದು ಬಲಿಯ ರಕ್ತ. ಚರ್ಚಿನ ಪವಿತ್ರಜಲವನ್ನೂ ಬೈಬಲ್ಲಿನ ಹಳೆಯ ಒಡಂಬಡಿಕೆಯ ರಕ್ತಪ್ರೋಕ್ಷಣೆಯನ್ನೂ ಬಲ್ಲ ಸ್ನೋರಿ ಅದೇ ಚಿತ್ರವನ್ನು ಹಿಂದಿನ ಕಾಲಕ್ಕೆ ಹಚ್ಚಿರಬಹುದೆಂದು ಸಂಶಯಿಸುವ ವಿದ್ವಾಂಸರಿದ್ದಾರೆ. ಹಾಗೆಂದು ಇದನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಹೊಸದಾಗಿ ಸೇರಿದವರಿಗೆ ‘ಸಾವಿರ ವರ್ಷದಿಂದ ಹೀಗೇ ನಡೆದುಬಂದಿದೆ’ ಎಂದು ಹೇಳಬಾರದು, ಅಷ್ಟೇ.

ಗ್ರಂಥಗಳದ್ದೂ ಇದೇ ಕತೆ. ಈ ದೇವತೆಗಳ ಕತೆ ಹೇಳುವ ಎಡ್ಡಾ ಕಾವ್ಯಗಳ ಮುಖ್ಯ ಹಸ್ತಪ್ರತಿ 1270ರ ಸುಮಾರಿನದು, ಅಂದರೆ ಐಸ್‌ಲ್ಯಾಂಡ್ ಮತಾಂತರಗೊಂಡು ಎರಡೂವರೆ ಶತಮಾನಕ್ಕೂ ಆಚೆ. ಅವುಗಳಲ್ಲೊಂದಾದ ‘ಹಾವಮಾಲ್’ನಲ್ಲಿ ಓಡಿನ್ ಈಟಿಯಿಂದ ಗಾಯಗೊಂಡು, ತನ್ನನ್ನು ತನಗೇ ಅರ್ಪಿಸಿಕೊಂಡು, ಒಂಬತ್ತು ರಾತ್ರಿ ಮರದಲ್ಲಿ ನೇತಾಡುತ್ತಾನೆ. ಇದು ಕ್ರಿಸ್ತನ ನೆರಳೇ ಎಂಬ ಚರ್ಚೆ 19ನೇ ಶತಮಾನದಿಂದಲೂ ಇದೆ. ನೇಣು ಮತ್ತು ಈಟಿ ಓಡಿನ್ನನ ಬಲಿಗೆ ಸೇರಿದ ಹಳೆಯ ಅಂಶಗಳೇ ಎಂಬ ವಾದ ನನಗೆ ಹೆಚ್ಚು ಒಪ್ಪಿಗೆ. ಅವನು ಅಲ್ಲಿ ಯಾರ ಪಾಪವನ್ನೂ ಹೊರುವುದಿಲ್ಲ. ರೂನ್ ಅಕ್ಷರಗಳ ಜ್ಞಾನಕ್ಕಾಗಿ ನೇತಾಡುತ್ತಾನೆ.

ಎರವಲು ಎದ್ದು ಕಾಣುವುದು ಆಧುನಿಕ ಸಂಘಟನೆಗಳಲ್ಲಿ. 1930ರ ದಶಕದ ಆಸ್ಟ್ರೇಲಿಯಾದಲ್ಲಿ ಅಲೆಕ್ಸಾಂಡರ್ ರುಡ್ ಮಿಲ್ಸ್ ತನ್ನ ಪಂಥಕ್ಕೆ ‘ಓಡಿನ್ನನ ಚರ್ಚು’ ಎಂದೇ ಹೆಸರಿಟ್ಟ. 1970ರ ದಶಕದಲ್ಲಿ ಇಂಗ್ಲೆಂಡಿನ ಓಡಿನಿಕ್ ರೈಟ್ ಎಂಬ ಸಂಘದ ವಲಯದಿಂದ ಬಂದ ‘ಒಂಬತ್ತು ಉದಾತ್ತ ಗುಣಗಳು’ ದಶಾಜ್ಞೆಗಳ ಜಾಗ ತುಂಬಲೆಂದೇ ಮಾಡಿದಂತಿವೆ. ಹಳೆಯ ಯಾವ ಪಠ್ಯದಲ್ಲೂ ಆ ಪಟ್ಟಿ ಇಲ್ಲ.

ಒಂದು ಎಚ್ಚರಿಕೆ. ‘ಓಡಿನಿಸಂ’ ಎಂಬ ಹೆಸರನ್ನು ಹೆಚ್ಚಾಗಿ ಹಿಡಿದವು ಈ ಧರ್ಮ ಉತ್ತರ ಯುರೋಪಿನ ರಕ್ತದವರಿಗೇ ಸೇರಿದ್ದೆಂದು ಜೋತುಬಿದ್ದ ಗುಂಪುಗಳು. ಅವರ ಕ್ರೈಸ್ತವಿರೋಧ ‘ಅದು ಯಹೂದ್ಯರಿಂದ ಬಂದ ಪರಕೀಯ ಮತ’ ಎಂಬಲ್ಲಿಗೆ ತಲುಪಿತೆಂದರೆ ಅದು ಧರ್ಮಚರ್ಚೆಯಲ್ಲ, ಜನಾಂಗದ್ವೇಷ. ಅಲ್ಲಿಂದ ಎದ್ದು ಹೊರಡಬೇಕು. ಇಂಥ ಒಂದು ಅಮೆರಿಕನ್ ಗುಂಪಿನೊಂದಿಗೆ ಸಂಬಂಧ ಕಡಿದುಕೊಳ್ಳುತ್ತೇವೆಂದು 2016ರಲ್ಲಿ ಹಲವು ದೇಶಗಳ ಸಂಘಗಳು ಸಹಿ ಹಾಕಿದ ಘೋಷಣೆಗೆ, ಕೆಡುಕನ್ನು ಕಂಡರೆ ಕೆಡುಕೆಂದು ಹೇಳು ಎನ್ನುವ ಹಾವಮಾಲ್‌ನ 127ನೇ ಪದ್ಯದ ಸಂಖ್ಯೆಯನ್ನೇ ಹೆಸರಾಗಿ ಇಟ್ಟರು.

ಐಸ್‌ಲ್ಯಾಂಡಿನಲ್ಲಿ ಚರ್ಚಿನೊಂದಿಗಿನ ಈ ಜಗಳದ ಕಾವು ಕಡಿಮೆ. ಸುಮಾರು ಕ್ರಿ.ಶ. 1000ರಲ್ಲಿ ಅಲ್ಲಿನ ಜನಸಭೆ ಆಲ್ಥಿಂಗ್ ದೇಶವನ್ನೇ ಕ್ರೈಸ್ತವೆಂದು ಘೋಷಿಸಿತು. ತೀರ್ಪು ಕೊಟ್ಟ ಥೋರ್ಗೇರ್ ಸ್ವತಃ ಹಳೆಯ ದೇವರುಗಳ ಪುರೋಹಿತ. ಗುಟ್ಟಾಗಿ ಬಲಿ ಕೊಡುವುದಕ್ಕೂ ಕುದುರೆ ಮಾಂಸ ತಿನ್ನುವುದಕ್ಕೂ ಆಗ ವಿನಾಯಿತಿ ಇತ್ತು, ಆಮೇಲೆ ತೆಗೆದರು. 1972ರಲ್ಲಿ ರೈತ-ಕವಿ ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್ ಮತ್ತು ಗೆಳೆಯರು ಆಸಾತ್ರು, ಅಂದರೆ ಹಳೆಯ ದೇವತೆಗಳ ನಂಬಿಕೆಯ ಸಂಘ ಕಟ್ಟಿದರು. ಮರುವರ್ಷ ಸರ್ಕಾರದ ಮಾನ್ಯತೆ ಸಿಕ್ಕಿತು. ಈಗ 5 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಸಂಘದ ಗೋಡಿಗಳು, ಅಂದರೆ ಪುರೋಹಿತರು, ಕಾನೂನುಬದ್ಧವಾಗಿ ಮದುವೆ ಮಾಡಿಸುತ್ತಾರೆ. ಲೂಥರನ್ ಚರ್ಚು ಹದಿಹರೆಯದ ಮಕ್ಕಳಿಗೆ ದೃಢೀಕರಣ ಎಂಬ ಸಂಸ್ಕಾರ ಕೊಡುವಂತೆ, ಆಸಾತ್ರು ಮನೆಯ ಮಕ್ಕಳಿಗೂ ಒಂದಷ್ಟು ಪಾಠ ಹೇಳಿ ಅಂಥದ್ದೇ ಒಂದು ಸಂಸ್ಕಾರ ಮಾಡುತ್ತಾರೆ.