ಆಂತ್ರವೋದ ತಿರುವಿನಲ್ಲಿ ಒಂದು ಭಾನುವಾರ

ಫ್ರಾನ್ಸಿನ ನೀಸ್ ನಗರದಲ್ಲಿ ಒಂದಕ್ಕಿಂತ ಹೆಚ್ಚು ರೈಲು ನಿಲ್ದಾಣಗಳಿವೆ. ಪ್ಯಾರಿಸ್ ಕಡೆ ಹೋಗುವವರು ದೊಡ್ಡದಕ್ಕೆ ಹೋಗುತ್ತಾರೆ. ನನಗೆ ಬೇಕಾಗಿದ್ದು ಚಿಕ್ಕದು. ಅಲ್ಲಿ ಮೀಟರ್ ಗೇಜ್ ರೈಲು ನಿಂತಿರುತ್ತದೆ. ಸಕಲೇಶಪುರದ ಹಳೆಯ ಮೀಟರ್ ಗೇಜ್ ಲೈನಿನ ಕಥೆ ಕೇಳಿ ಬೆಳೆದ ನನಗೆ ಆ ಕಿರಿದಾದ ಹಳಿ ನೋಡಿಯೇ ಖುಷಿಯಾಯಿತು. ಇದನ್ನು ಇಲ್ಲಿನವರು ಪೈನ್ ಕಾಯಿ ರೈಲು ಅನ್ನುತ್ತಾರೆ. ವಾರ್ ನದಿಯ ಪಕ್ಕದಲ್ಲೇ ಹತ್ತುತ್ತಾ, ಆಲ್ಪ್ಸ್ ಬೆಟ್ಟಗಳ ಒಳಗೆ ಹೋಗುತ್ತದೆ.

ಅದು 2022ರ ಜನವರಿ 22, ಶನಿವಾರ. ನಾನು ಹೊರಟಿದ್ದು ಮಾಂಟೆ ಕಾರ್ಲೊ ರ‍್ಯಾಲಿಯ ಕೊನೆಯ ದಿನ ನೋಡಲು. ಹತ್ತಿರದ ಸೋಫಿಯಾ ಆಂಟಿಪೊಲಿಸ್‌ನಲ್ಲಿ ಕೆಲಸಕ್ಕೆ ಬಂದಾಗಿನಿಂದ ಇದೊಂದು ಆಸೆ ಇತ್ತು. ಹಿಂದಿನ ವರ್ಷ ಕೋವಿಡ್ ಅಂತ ಜನರನ್ನು ಬಿಟ್ಟಿರಲಿಲ್ಲ. ಈ ಸಲ ಬಿಟ್ಟಿದ್ದರು. ಅದಕ್ಕಿಂತ ದೊಡ್ಡ ಕಾರಣ ಒಂದಿತ್ತು. ಚಾಲಕ ಸೆಬಾಸ್ಟಿಯನ್ ಲೋಬ್ ವಾಪಸ್ ಬಂದಿದ್ದರು.

ನಾನು ಮೂಡಿಗೆರೆ ಕಡೆಯವನು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ರ‍್ಯಾಲಿ ನಡೆದಾಗಲೆಲ್ಲ ಅಪ್ಪ ನಮ್ಮನ್ನು ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಕಾರು ಬರುವ ಮುಂಚೆ ಸದ್ದು ಬರುತ್ತದೆ, ಸದ್ದಿನ ಹಿಂದೆ ಧೂಳು ಬರುತ್ತದೆ ಅಂತ ಕಲಿಸಿದ್ದು ಅವರೇ. ಆ ದಿನಗಳಲ್ಲಿ ಟಿವಿಯಲ್ಲಿ ಲೋಬ್ ಗೆಲ್ಲುವುದು ಬಿಟ್ಟು ಬೇರೆ ಏನನ್ನೂ ನಾವು ನೋಡಿಯೇ ಇರಲಿಲ್ಲ. 2004ರಿಂದ 2012ರವರೆಗೆ ಸತತ ಒಂಬತ್ತು ಸಲ ವಿಶ್ವ ಚಾಂಪಿಯನ್. ಆಮೇಲೆ ಅವರು ಪೂರ್ತಿ ಸೀಸನ್ ಓಡಿಸುವುದನ್ನು ನಿಲ್ಲಿಸಿದರು. ಆಗೊಂದು ಈಗೊಂದು ರ‍್ಯಾಲಿಗೆ ಬರುತ್ತಿದ್ದರು. ಕೊನೆಯ ಗೆಲುವು 2018ರಲ್ಲಿ, ಸ್ಪೇನ್‌ನ ಕತಲೂನ್ಯದಲ್ಲಿ. ಈಗ 47 ವರ್ಷ. ಕಾರು ಎಂ-ಸ್ಪೋರ್ಟ್ ತಂಡದ ಫೋರ್ಡ್ ಪ್ಯೂಮಾ, ಹೈಬ್ರಿಡ್ ಕಾಲದ ಮೊದಲ ರ‍್ಯಾಲಿ. 1.6 ಲೀಟರ್ ಟರ್ಬೊ ಎಂಜಿನ್ ಜೊತೆಗೆ 100 ಕಿಲೋವ್ಯಾಟ್ ವಿದ್ಯುತ್ ಮೋಟರು. ಗೇರ್ ಮಾತ್ರ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಬಿಟ್ಟು ಮತ್ತೆ ಹಳೆಯ ಲಿವರ್‌ಗೆ ಬಂದಿತ್ತು.

ರೈಲಿನಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ಅರ್ಧ ಜನ ನನ್ನ ಹಾಗೆಯೇ ದಪ್ಪ ಜಾಕೆಟ್, ಬೂಟು, ಫ್ಲಾಸ್ಕ್ ಹಿಡಿದವರು. ನೀಸ್‌ನ ಹಳೆಪೇಟೆಯಲ್ಲಿ ಕಟ್ಟಿಸಿಕೊಂಡ ಸೊಕ್ಕಾ ಬಿಚ್ಚಿದೆ. ಕಡಲೆಹಿಟ್ಟು, ಆಲಿವ್ ಎಣ್ಣೆ, ಮೇಲೆ ಕರಿಮೆಣಸು. ದೊಡ್ಡ ತಾಮ್ರದ ತಟ್ಟೆಯಲ್ಲಿ ಸುಟ್ಟ ಕಡಲೆಹಿಟ್ಟಿನ ದೋಸೆ ಅನ್ನಬಹುದು. ಆರಿದ್ದರೂ ರುಚಿಯಾಗಿತ್ತು.

ಒಂದೂವರೆ ಗಂಟೆಗೆ ಆಂತ್ರವೋ ಬಂತು. ರೈಲು ನದಿಯ ಒಂದು ದಡದಲ್ಲಿ ನಿಲ್ಲುತ್ತದೆ, ಊರು ಇನ್ನೊಂದು ದಡದಲ್ಲಿದೆ. ನಡುವೆ ಕಲ್ಲಿನ ಸೇತುವೆ, ಅದರ ತುದಿಗೆ ಎತ್ತಿ ಇಳಿಸುವ ಮರದ ಹಲಗೆ, ಎರಡು ಗೋಪುರಗಳ ಹೆಬ್ಬಾಗಿಲು. ಊರಿನ ನೆತ್ತಿಯ ಮೇಲೆ ಕಡಿದಾದ ಬಂಡೆಗೆ ಅಂಟಿಕೊಂಡ ಕೋಟೆ. 14ನೇ ಲೂಯಿಯ ಕಾಲದಲ್ಲಿ ವೋಬಾನ್ ಎಂಬ ಸೇನಾ ಎಂಜಿನಿಯರ್ ಭದ್ರಪಡಿಸಿದ್ದು. ನಮ್ಮ ಚಿತ್ರದುರ್ಗದ ಹಾಗೆ ಇಲ್ಲೂ ಬಾಗಿಲಿನ ಮೇಲೆ ಬಾಗಿಲು ದಾಟಿ ಹತ್ತಬೇಕು. ಕೋಟೆ ಹತ್ತಲು ಹೋಗಲಿಲ್ಲ. ಕಾಲು ಮರುದಿನಕ್ಕೆ ಬೇಕಿತ್ತು.

ಒಂದು ಚಿಕ್ಕ ಕೋಣೆ ಮೊದಲೇ ಹಿಡಿದಿಟ್ಟಿದ್ದೆ. ಸಂಜೆ ಕೆಳಗಿನ ಕೆಫೆಯಲ್ಲಿ ಕೂತರೆ ಎಲ್ಲರ ಬಾಯಲ್ಲೂ "ಸೆಬ್". ಯಾವ ಸೆಬ್ ಅಂತ ಮತ್ತೆ ಕೇಳಬೇಕಿತ್ತು. ಯಾಕೆಂದರೆ ಮುಂಚೂಣಿಯಲ್ಲಿದ್ದ ಇಬ್ಬರೂ ಸೆಬಾಸ್ಟಿಯನ್‌ಗಳೇ. ಇನ್ನೊಬ್ಬರು ಸೆಬಾಸ್ಟಿಯನ್ ಓಜಿಯೇ, ಆ ಹೊತ್ತಿಗೆ ಎಂಟು ಸಲದ ಚಾಂಪಿಯನ್, 38 ವರ್ಷ, ಇದೇ ಬೆಟ್ಟಗಳ ಗಾಪ್ ಊರಿನವರು. ಹಿಂದಿನ ವರ್ಷವಷ್ಟೇ ಕಿರೀಟ ಗೆದ್ದು, ಇನ್ನು ಪೂರ್ತಿ ಸೀಸನ್ ಸಾಕು ಅಂದಿದ್ದರು. 2011ರಲ್ಲಿ ಇಬ್ಬರೂ ಸಿಟ್ರೊಎನ್‌ನಲ್ಲಿ ಒಂದೇ ತಂಡದಲ್ಲಿದ್ದರು. ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದರೆ ಹೇಗಿರುತ್ತದೋ ಹಾಗಿತ್ತು ಆ ವರ್ಷ. ಆಮೇಲೆ ಓಜಿಯೇ ತಂಡ ಬಿಟ್ಟರು.

ಇಲ್ಲಿ ಕಾರುಗಳು ಜನರಿಗೆ ಮುಚ್ಚಿದ ರಸ್ತೆಯ ತುಂಡುಗಳಲ್ಲಿ ಒಂದೊಂದಾಗಿ ಓಡುತ್ತವೆ. ಆ ತುಂಡಿಗೆ ಸ್ಟೇಜ್ ಅನ್ನುತ್ತಾರೆ. ಎಲ್ಲ ಸ್ಟೇಜ್ ಸೇರಿ ಒಟ್ಟು ಸಮಯ ಕಮ್ಮಿ ಇದ್ದವರು ಗೆದ್ದ ಹಾಗೆ. ಆ ಮೂರು ದಿನಗಳ ಲೆಕ್ಕ ಹೀಗಿತ್ತು. ಗುರುವಾರ ರಾತ್ರಿ ಟುರಿನಿ ಘಾಟಿಯಲ್ಲಿ ಶುರು. ಶುಕ್ರವಾರ ಮುಗಿದಾಗ ಲೋಬ್ 9.9 ಸೆಕೆಂಡ್ ಮುಂದೆ. ಅದೇ ದಿನ ಬೆಳಗ್ಗೆ ಅವರ ತಂಡದ ಹುಡುಗ ಅದ್ರಿಯಾನ್ ಫೂರ್ಮೋ ಕಾರು ರಸ್ತೆ ಬಿಟ್ಟು ಕಮರಿಗೆ ಉರುಳಿತ್ತು. ಚಾಲಕ, ಪಕ್ಕದ ಸೀಟಿನ ಕೋ-ಡ್ರೈವರ್ ಇಬ್ಬರೂ ನಡೆದುಕೊಂಡೇ ಹೊರಬಂದರು. ಆ ದೃಶ್ಯ ನೋಡಿದ ಮೇಲೂ ಅದೇ ಮಾದರಿಯ ಕಾರಿನಲ್ಲಿ ಲೋಬ್ ಸಮಯ ಕಮ್ಮಿ ಮಾಡುತ್ತಲೇ ಹೋದರು. ಶನಿವಾರ ಓಜಿಯೇ ತಿರುಗಿಬಿದ್ದರು. ನಾನು ಆಂತ್ರವೋ ಕೆಫೆಯಲ್ಲಿ ಸೂಪ್ ಕುಡಿಯುವ ಹೊತ್ತಿಗೆ ಓಜಿಯೇ 21.1 ಸೆಕೆಂಡ್ ಮುಂದಿದ್ದರು. ಮೂರನೆಯವರು ಬಹಳ ಹಿಂದೆ.

ಹುಡುಗರು ಎಲ್ಲಿ ಹೋದರು? ಇದ್ದರು. ಫಿನ್‌ಲ್ಯಾಂಡಿನ ಕಾಲ್ಲೆ ರೋವನ್‌ಪೆರಾಗೆ 21 ವರ್ಷ. ನಾರ್ವೆಯ ಮಾಜಿ ವಿಶ್ವ ಚಾಂಪಿಯನ್ ಪೆಟ್ಟರ್ ಸೋಲ್ಬರ್ಗ್ ಮಗ ಆಲಿವರ್‌ಗೆ 20. ಲೋಬ್ ಈ ಇಬ್ಬರ ಅಪ್ಪಂದಿರ ಜೊತೆಯೂ ಓಡಿಸಿದವರು! ಕಾಲ್ಲೆಯ ಅಪ್ಪ ಹ್ಯಾರಿ ರೋವನ್‌ಪೆರಾ ಪ್ಯೂಜೊ ಓಡಿಸುತ್ತಿದ್ದ ಕಾಲ ಅದು. 2003ರಲ್ಲಿ ಪೆಟ್ಟರ್ ಸೋಲ್ಬರ್ಗ್ ಒಂದೇ ಒಂದು ಅಂಕದಿಂದ ಲೋಬ್ ಕೈಯಿಂದ ಕಿರೀಟ ಕಿತ್ತುಕೊಂಡಿದ್ದರು. ಅಪ್ಪನ ಜೊತೆ ಆಡಿದವನು ಮಗನ ಜೊತೆಯೂ ಆಡುವುದು ಊರ ಕಬಡ್ಡಿಯಲ್ಲಿ ನಡೆದೀತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಡೆಯುತ್ತದೆ ಅಂದುಕೊಂಡಿರಲಿಲ್ಲ.

ಭಾನುವಾರ ಕತ್ತಲಿರುವಾಗಲೇ ಎದ್ದೆ. ಬ್ರಿಯಾನ್ಸೊನೆಯಿಂದ ಆಂತ್ರವೋಗೆ ಇಳಿಯುವ ಸ್ಟೇಜ್ ಅಂದು ಎರಡು ಸಲ. ನಡುವೆ ಪಕ್ಕದ ಬೆಟ್ಟದ ಲಾ ಪೆನ್ ಸ್ಟೇಜ್. ರಸ್ತೆ ಆಗಲೇ ಮುಚ್ಚಿದ್ದರು, ಜನ ನಡೆದೇ ಹೋಗಬೇಕು. ಊರು ದಾಟಿ ಗುಡ್ಡದ ರಸ್ತೆ ಹಿಡಿದೆ. ಟಾರ್ಚ್ ಬೆಳಕುಗಳು ಸಾಲಾಗಿ ಮೇಲೆ ಹೋಗುತ್ತಿದ್ದವು. ಮುಕ್ಕಾಲು ಗಂಟೆ ಹತ್ತಿದ ಮೇಲೆ ಒಂದು ಬಲ ತಿರುವು ಸಿಕ್ಕಿತು. ಹಗ್ಗ ಕಟ್ಟಿದ ಜಾಗದಲ್ಲಿ ಒಬ್ಬ ಹಿರಿಯರು ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೇಕರಿ ನಡೆಸಿ ನಿವೃತ್ತರಾದವರಂತೆ. 1973ರಲ್ಲಿ, ಆಲ್ಪಿನ್ ಕಾರು ಗೆದ್ದ ವರ್ಷ, ಮೊದಲ ಸಲ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದರಂತೆ. ನನ್ನ ಮುರುಕು ಫ್ರೆಂಚ್ ಅವರಿಗೆ ಅರ್ಥವಾಗುತ್ತಿತ್ತು, ಅಷ್ಟು ಸಾಕಾಗಿತ್ತು.

ಅವರು ರಸ್ತೆಯ ಒಂದು ಜಾಗ ತೋರಿಸಿದರು. ತಿರುವಿನ ಒಳಗಡೆ ಬಂಡೆ. ಬಂಡೆಯಿಂದ ಒಸರಿದ ನೀರು ರಸ್ತೆಗೆ ಇಳಿದು ರಾತ್ರಿ ಹೆಪ್ಪುಗಟ್ಟಿತ್ತು. ಅಗಲ ಒಂದು ಚಾಪೆಯಷ್ಟು. ಹಿಂದೆ ಮುಂದೆ ಎಲ್ಲ ಒಣ ಡಾಂಬರು. ದೂರದಿಂದ ನೋಡಿದರೆ ಬರೀ ನೆರಳು ಅನ್ನಿಸುತ್ತದೆ. ಬೂಟಿನ ತುದಿ ಇಟ್ಟರೆ ಗಾಜು. ಮಾಂಟೆ ಕಾರ್ಲೊ ಅಂದರೆ ಇದೇ ನೋಡಿ. ಬಿಸಿಲಿನ ರಸ್ತೆಗೆ ಒಂದು ಟೈರು ಬೇಕು, ಐಸಿಗೆ ಇನ್ನೊಂದು, ಇರುವುದು ನಾಲ್ಕೇ ಚಕ್ರ. ಅದಕ್ಕೇ ಪ್ರತಿ ತಂಡವೂ ಮುಂಚಿತವಾಗಿ ಒಬ್ಬ ಅನುಭವಿಯನ್ನು ರಸ್ತೆಗೆ ಕಳಿಸಿ, ಎಲ್ಲಿ ಐಸ್ ಇದೆ ಅಂತ ಪೇಸ್‌ನೋಟ್‌ನಲ್ಲಿ, ಅಂದರೆ ಓಡಿಸುವಾಗ ಕೋ-ಡ್ರೈವರ್ ಓದಿ ಹೇಳುವ ತಿರುವುಗಳ ವಿವರದಲ್ಲಿ, ಗುರುತು ಹಾಕಿಸುತ್ತದೆ. ಆ ಗುರುತನ್ನು ನಂಬಿ ಕಾಲು ಒತ್ತುವುದು ಮಾತ್ರ ಚಾಲಕನ ಪಾಲು.

ಮೊದಲ ಓಟದ ಕಾರುಗಳು ಬಂದವು. ಅಪ್ಪ ಹೇಳಿದ ಹಾಗೆಯೇ ಮೊದಲು ಸದ್ದು. ಗುಡ್ಡದ ಆಚೆ ಸುತ್ತಿ, ಮಾಯವಾಗಿ, ಮತ್ತೆ ಹತ್ತಿರ. ಕೆಲವು ಕಾರು ತಿರುವಿಗೆ ಜೋರಾಗಿ ಬಂದು, ಐಸ್ ಮೇಲೆ ಹಿಂಬದಿ ಜಾರಿಸಿ, ಎಂಜಿನ್ ಕಿರುಚಿಸಿ ಹೋದವು. ನೋಡಲು ಅದೇ ಚೆಂದ. ಜನ ಕೂಗಿದರು. ಲೋಬ್ ಬಂದಾಗ ನನಗೆ ಮೊದಲು ನಿರಾಸೆಯೇ ಆಯಿತು. ಆ ಜಾಗದಲ್ಲಿ ಏನೂ ಆಗಲಿಲ್ಲ! ಬ್ರೇಕ್ ಮೊದಲೇ ಮುಗಿದಿತ್ತು, ಕಾರು ಬಂಡೆಯಿಂದ ಒಂದು ಅಡಿ ಹೊರಗೆ ಇತ್ತು, ಸದ್ದು ಒಂದೇ ಸಮ. ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲ. ಪಕ್ಕದ ಹಿರಿಯರು ಏನೂ ಮಾತಾಡದೆ ಬೆರಳಿನಿಂದ ತಮ್ಮ ಹಣೆ ತಟ್ಟಿ ತೋರಿಸಿದರು.

ಅದನ್ನೇ ನಾನು ಆ ದಿನವಿಡೀ ಯೋಚಿಸಿದೆ. ವಯಸ್ಸಾದ ಮೇಲೆ ಕೈ ನಿಧಾನವಾಗುತ್ತದೆ ಅನ್ನುತ್ತಾರೆ. ಇರಬಹುದು. ಆದರೆ ರ‍್ಯಾಲಿ ಓಡಿಸುವವನು ಕಾಣದ ತಿರುವನ್ನು ಕಿವಿಯಲ್ಲಿ ಕೇಳಿ ಓಡಿಸುತ್ತಾನೆ. ಕೇಳಿದ್ದನ್ನು ಹಳೆಯ ಸಾವಿರ ತಿರುವುಗಳ ಜೊತೆ ಹೋಲಿಸಿ ನೋಡುತ್ತಾನೆ. ಹುಡುಗರಿಗೆ ಕಮ್ಮಿ ಇರುವುದು ಆ ಸಾವಿರ ತಿರುವು. ಲೋಬ್ ಈ ರ‍್ಯಾಲಿಗೆ ಆರು ದಿನ ಮುಂಚೆಯಷ್ಟೇ ಸೌದಿ ಅರೇಬಿಯಾದ ಮರಳಿನಲ್ಲಿ ಡಕಾರ್ ರ‍್ಯಾಲಿ ಮುಗಿಸಿದ್ದರು, ಅಲ್ಲಿ ಎರಡನೇ ಸ್ಥಾನ. ಮರಳಿನಿಂದ ನೇರ ಐಸಿಗೆ!

ಕಿವಿಗೆ ನೋಟ್ಸ್ ಓದುವವರು ಹೊಸಬರು. ಒಂಬತ್ತೂ ಕಿರೀಟದಲ್ಲಿ ಪಕ್ಕದಲ್ಲಿದ್ದದ್ದು ಡ್ಯಾನಿಯಲ್ ಎಲೆನಾ. ಈಗ ಆ ಸೀಟಿನಲ್ಲಿ ಇಸಾಬೆಲ್ ಗಾಲ್‌ಮಿಶ್, 50 ವರ್ಷದ ಗಣಿತ ಟೀಚರ್. ವಿಶ್ವ ರ‍್ಯಾಲಿಯ ಇಂಥ ಕಾರಿನಲ್ಲಿ ಅವರಿಗೆ ಇದು ಮೊದಲ ಸಲ. ನನಗಂತೂ ಲೋಬ್‌ಗಿಂತ ಅವರ ಧೈರ್ಯವೇ ದೊಡ್ಡದಾಗಿ ಕಂಡಿತು. ಸ್ಟಿಯರಿಂಗ್ ಕೈಯಲ್ಲಿಲ್ಲ, ಬ್ರೇಕ್ ಕಾಲಡಿ ಇಲ್ಲ, ತಲೆ ಬಗ್ಗಿಸಿ ಪುಸ್ತಕ ನೋಡುತ್ತಾ, ಒಂದು ಪದವೂ ತಡವಾಗದ ಹಾಗೆ ಓದಬೇಕು.

ಮೊದಲ ಓಟ ಮುಗಿದ ಮೇಲೆ ಅಂತರ ಇನ್ನೂ ಬೆಳೆದಿತ್ತು. ಓಜಿಯೇ 24.6 ಸೆಕೆಂಡ್ ಮುಂದೆ. ಉಳಿದದ್ದು ಎರಡೇ ಸ್ಟೇಜ್. ಹಿರಿಯರು ಬ್ರೆಡ್ಡು, ಚೀಸ್ ಹಂಚಿದರು. ನಾನು ಅಮ್ಮ ಕಳಿಸಿದ್ದ ಚಕ್ಕುಲಿ ಕೊಟ್ಟೆ. ಅವರು ಚಕ್ಕುಲಿ ಸುರುಳಿಯನ್ನು ತಿರುಗಿಸಿ ನೋಡಿ, ಟುರಿನಿ ಘಾಟಿ ಹೀಗೇ ಇದೆ ಅಂದರು.

ಲಾ ಪೆನ್ ಸ್ಟೇಜ್ ನಮಗೆ ಕಾಣುವುದಿಲ್ಲ, ಬೆಟ್ಟದ ಆಚೆ. ಎಲ್ಲರೂ ಫೋನಿಗೆ ಕಿವಿ ಕೊಟ್ಟಿದ್ದರು. ಇದ್ದಕ್ಕಿದ್ದಂತೆ ಕೆಳಗಿನ ತಿರುವಿನಿಂದ ಒಂದು ಕೂಗು. ಆಮೇಲೆ ನಮ್ಮಲ್ಲಿ. ಓಜಿಯೇ ಕಾರಿನ ಮುಂದಿನ ಚಕ್ರ ಪಂಕ್ಚರ್. ಮೂವತ್ತು ಸೆಕೆಂಡಿಗೂ ಜಾಸ್ತಿ ಹೋಯಿತು. ಈಗ ಲೋಬ್ 9.5 ಸೆಕೆಂಡ್ ಮುಂದೆ. ಖುಷಿಪಟ್ಟವರಿಗಿಂತ ತಲೆ ಮೇಲೆ ಕೈ ಇಟ್ಟವರೇ ಜಾಸ್ತಿ. ಓಜಿಯೇ ಈ ಬೆಟ್ಟದ ಹುಡುಗ ಅಲ್ವಾ.

ಮಧ್ಯಾಹ್ನ ಕೊನೆಯ ಸ್ಟೇಜ್. ಐಸ್ ಚಾಪೆ ಕರಗಿ ಬರೀ ಒದ್ದೆ ಉಳಿದಿತ್ತು. ಲೋಬ್ ಮೊದಲು ಬಂದರು. ಅವರ ಹಿಂದೆ ಓಜಿಯೇ. ಅಂಥ ಓಟವನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಕಾರು ಬಂಡೆಗೆ ಕನ್ನಡಿ ತಾಗಿಸುವಷ್ಟು ಹತ್ತಿರ ಹೋಯಿತು. ಅವರು ಆ 14 ಕಿಲೋಮೀಟರ್‌ನಲ್ಲೇ ಒಂಬತ್ತು ಸೆಕೆಂಡ್ ವಾಪಸ್ ಕಿತ್ತುಕೊಂಡರು. ಅರ್ಧ ಸೆಕೆಂಡ್ ಸಾಲಲಿಲ್ಲ. ಅದರ ಮೇಲೆ, ದೀಪ ಹಸಿರಾಗುವ ಮುಂಚೆ ಹೊರಟರು ಅಂತ ಹತ್ತು ಸೆಕೆಂಡ್ ದಂಡವೂ ಬಿತ್ತು. ಪಟ್ಟಿಯಲ್ಲಿ ಅಂತರ 10.5 ಸೆಕೆಂಡ್ ಅಂತ ಇದೆ. ಅದನ್ನು ನೋಡಿದವರಿಗೆ ಆ ಅರ್ಧ ಸೆಕೆಂಡ್ ಕಾಣುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲೋಬ್‌ಗೆ ಇದು 80ನೇ ಗೆಲುವು, ಮಾಂಟೆ ಕಾರ್ಲೊದಲ್ಲಿ ಎಂಟನೆಯದು. ವಿಶ್ವ ರ‍್ಯಾಲಿ ಗೆದ್ದವರಲ್ಲೇ ಹಿರಿಯರು ಅನ್ನುವ ದಾಖಲೆ 1990ರ ಸಫಾರಿ ರ‍್ಯಾಲಿಯಿಂದ ಬ್ಯೋರ್ನ್ ವಾಲ್ಡೆಗಾರ್ಡ್ ಹೆಸರಲ್ಲಿತ್ತು. ಅದೂ ಇವರ ಹೆಸರಿಗೆ ಬಂತು. 2002ರಲ್ಲಿ ಇದೇ ರ‍್ಯಾಲಿಯಲ್ಲಿ ಲೋಬ್ ರಸ್ತೆಯಲ್ಲಿ ಎಲ್ಲರಿಗಿಂತ ವೇಗವಾಗಿದ್ದರೂ, ನಿಯಮ ಮೀರಿ ಟೈರ್ ಬದಲಿಸಿದ್ದಕ್ಕೆ ಎರಡು ನಿಮಿಷದ ದಂಡ ಬಿದ್ದು ಮೊದಲ ಸ್ಥಾನ ಕಳೆದುಕೊಂಡಿದ್ದರು. ಆಗ ಅವರೇ ಹುಡುಗ. ರೋವನ್‌ಪೆರಾ ಈ ಸಲ ನಾಲ್ಕನೆಯವನಾಗಿ ಮುಗಿಸಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ, 22 ತುಂಬಿದ ಮರುದಿನ, ಎಲ್ಲರಿಗಿಂತ ಚಿಕ್ಕ ವಿಶ್ವ ಚಾಂಪಿಯನ್ ಆದ.

ಕಾರುಗಳೆಲ್ಲ ಹೋಗಿ ರಸ್ತೆ ಬಿಟ್ಟ ಮೇಲೆ ಕೆಳಗಿಳಿದು ತಿರುವಿಗೆ ಹೋದೆ. ಒದ್ದೆ ಜಾಗದಲ್ಲಿ ಟೈರಿನ ಕಪ್ಪು ಗೀರುಗಳು. ಹೆಚ್ಚಿನವು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಒಂದು ಗೀರು ಮಾತ್ರ ಬಂಡೆಯ ಬುಡದಲ್ಲೇ ಇತ್ತು. ಹಿರಿಯರು ಕುರ್ಚಿ ಮಡಿಚಿ ಬಂದು ಅದರ ಪಕ್ಕ ನಿಂತು ನೋಡಿದರು. "ಸೆಬ್" ಅಂದರು. ಯಾವ ಸೆಬ್ ಅಂತ ಈ ಸಲ ಕೇಳಲಿಲ್ಲ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ನಮ್ಮ ಕಡೆ ಸಂಜೆ. ಕಣದಲ್ಲಿ ಒಣಗಿಸಿದ ಕಾಫಿ ರಾಶಿ ಮಾಡುತ್ತಿದ್ದರು, ಹಲಗೆ ಎಳೆಯುವ ಸದ್ದು ಕೇಳುತ್ತಿತ್ತು.

"ಅಪ್ಪಾ, ಲೋಬ್ ಗೆದ್ರು."

"ಯಾವ ಲೋಬ್? ನಮ್ಮ ಲೋಬಾ?"

"ಅವ್ರೇ. ಪಕ್ಕದಲ್ಲಿ ನೋಟ್ಸ್ ಓದಿದ್ದು ಒಬ್ರು ಗಣಿತದ ಟೀಚರ್ ಅಪ್ಪಾ. ಐವತ್ತು ವರ್ಷ ಅವ್ರಿಗೆ."

ಹಲಗೆಯ ಸದ್ದು ನಿಂತಿತು. "ಏನಂದೆ ಹೆಸರು? ಇನ್ನೊಂದ್ಸಲ ಹೇಳು."

ಹೇಳಿದೆ. ಅಪ್ಪ ಫೋನ್ ಪಕ್ಕಕ್ಕೆ ಹಿಡಿದು, ಟಾರ್ಪಾಲ್ ತರುತ್ತಿದ್ದ ಅಮ್ಮನಿಗೆ ಕೇಳುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಕೂಗಿ ಹೇಳಿದರು: "ಇಸಾಬೆಲ್ ಗಾಲ್‌ಮಿಶ್."