ಥರ್ಮಲ್ ಪೇಸ್ಟ್‌ನ ಲೆಕ್ಕಾಚಾರ

ಓವರ್‌ಕ್ಲಾಕಿಂಗ್‌ಗೆ, ಅಂದರೆ ಪ್ರೊಸೆಸರನ್ನು ತಯಾರಕರು ಗೊತ್ತುಮಾಡಿದ ಕ್ಲಾಕ್ ವೇಗಕ್ಕಿಂತ ಜೋರಾಗಿ ಓಡಿಸಲು, ಕೈಹಾಕುವವರು ಮೊದಲು ಕೇಳುವ ಪ್ರಶ್ನೆ, ಪ್ರೊಸೆಸರಿಗೂ ಅದನ್ನು ತಣಿಸುವ ಕೂಲರಿಗೂ ನಡುವೆ ಹಚ್ಚಲು ಯಾವ ಥರ್ಮಲ್ ಪೇಸ್ಟ್ ಒಳ್ಳೆಯದು ಎಂಬುದು. ಪ್ರೊಸೆಸರ್ ಎಷ್ಟು ವ್ಯಾಟ್ ಶಾಖವನ್ನು ಎಷ್ಟು ಜಾಗದ ಮೂಲಕ ಹೊರಹಾಕುತ್ತಿದೆ ಎಂದು ತಿಳಿಯದೆ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಒಂದೇ ಪೇಸ್ಟ್ ಒಂದು ಯಂತ್ರದಲ್ಲಿ ಏನೂ ವ್ಯತ್ಯಾಸ ತೋರದೆ, ಇನ್ನೊಂದರಲ್ಲಿ ಹಲವು ಡಿಗ್ರಿ ಇಳಿಸುವುದಕ್ಕೆ ಕಾರಣ ಅಲ್ಲಿದೆ.

ಪ್ರೊಸೆಸರಿನ ಮೇಲಿನ ಲೋಹದ ಮುಚ್ಚಳವೂ ಕೂಲರಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ, ಸೂಕ್ಷ್ಮದರ್ಶಕದಡಿ ಅವು ಉಬ್ಬುತಗ್ಗುಗಳಿಂದ ತುಂಬಿರುತ್ತವೆ. ಎರಡನ್ನೂ ಒತ್ತಿ ಕೂಡಿಸಿದಾಗ ನಿಜವಾಗಿ ತಾಗುವ ಜಾಗ ಸ್ವಲ್ಪವೇ. ಉಳಿದ ಸಂದುಗಳಲ್ಲಿ ಗಾಳಿ ಸೇರಿಕೊಳ್ಳುತ್ತದೆ. ತಾಮ್ರದ ಉಷ್ಣವಾಹಕತೆ ಮೀಟರಿಗೆ, ಕೆಲ್ವಿನ್‌ಗೆ ಸುಮಾರು 400 ವ್ಯಾಟ್. ಗಾಳಿಯದು ಕೇವಲ 0.026. ಆ ಗಾಳಿಯನ್ನು ಹೊರತಳ್ಳಿ ಸಂದು ತುಂಬುವುದಷ್ಟೇ ಪೇಸ್ಟ್‌ನ ಕೆಲಸ. ಸಿಲಿಕೋನ್ ಎಣ್ಣೆಯಂಥ ದ್ರವದಲ್ಲಿ ಸತುವಿನ ಆಕ್ಸೈಡ್, ಅಲ್ಯೂಮಿನಿಯಂ ಅಥವಾ ಬೆಳ್ಳಿಯ ಕಣಗಳನ್ನು ಕಲಸಿದ ಇದರ ವಾಹಕತೆ ಸಾಮಾನ್ಯವಾಗಿ 4ರಿಂದ 12ರ ಆಸುಪಾಸಿನಲ್ಲಿರುತ್ತದೆ ಎಂದು ತಯಾರಕರು ಹೇಳುತ್ತಾರೆ. ಗಾಳಿಗಿಂತ ನೂರಾರು ಪಟ್ಟು ಮೇಲು, ನಿಜ. ಆದರೆ ತಾಮ್ರದ ಮುಂದೆ ಇದೂ ಒಂದು ಅಡ್ಡಗೋಡೆಯೇ. ಹಾಗಾಗಿ ಪದರ ತೆಳುವಾದಷ್ಟೂ ಒಳ್ಳೆಯದು.

ಈಗ ಲೆಕ್ಕಕ್ಕೆ ಬರೋಣ. ಪದರದ ದಪ್ಪವನ್ನು ವಾಹಕತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದರೆ ಉಷ್ಣರೋಧ ಸಿಗುತ್ತದೆ. ಅದನ್ನು ವ್ಯಾಟ್‌ಗಳಿಂದ ಗುಣಿಸಿದರೆ ಆ ಪದರದಲ್ಲಿ ಎಷ್ಟು ಡಿಗ್ರಿ ವ್ಯತ್ಯಾಸ ಉಂಟಾಗುತ್ತದೆ ಎಂಬುದು ಗೊತ್ತಾಗುತ್ತದೆ. ಶಾಖ ಮುಚ್ಚಳದ ಮಧ್ಯಭಾಗದಲ್ಲೇ ಹೆಚ್ಚಾಗಿ ಹಾಯುವುದರಿಂದ ಪರಿಣಾಮಕಾರಿ ವಿಸ್ತೀರ್ಣ 4 ಚದರ ಸೆಂಟಿಮೀಟರ್ ಎಂದೂ, ಪದರದ ದಪ್ಪ 50 ಮೈಕ್ರಾನ್ (0.05 ಮಿಲಿಮೀಟರ್) ಎಂದೂ ಇಟ್ಟುಕೊಳ್ಳಿ. ವಾಹಕತೆ 5 ಇರುವ ಪೇಸ್ಟ್‌ನಲ್ಲಿ 65 ವ್ಯಾಟ್‌ಗೆ ಸುಮಾರು 1.6 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬರುತ್ತದೆ. 10 ಇರುವ ದುಬಾರಿ ಪೇಸ್ಟ್‌ನಲ್ಲಿ 0.8. ಉಳಿತಾಯ ಒಂದು ಡಿಗ್ರಿಯೂ ಇಲ್ಲ, ಕೋಣೆಯ ಕಿಟಕಿ ತೆರೆದರೂ ಅಷ್ಟು ಸಿಕ್ಕೀತು.

ಓವರ್‌ಕ್ಲಾಕಿಂಗ್‌ನಲ್ಲಿ ಚಿತ್ರ ಬದಲಾಗುತ್ತದೆ. ಪ್ರೊಸೆಸರ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ಕ್ಲಾಕ್ ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ವೇಗವನ್ನೂ ವೋಲ್ಟೇಜನ್ನೂ ಶೇ. 10ರಷ್ಟು ಹೆಚ್ಚಿಸಿದರೆ ಶಾಖ ಶೇ. 33ರಷ್ಟು ಹೆಚ್ಚುತ್ತದೆ, ಅಂದರೆ 150 ವ್ಯಾಟ್ ಹೋಗಿ 200 ಆಗುತ್ತದೆ. 200 ವ್ಯಾಟ್‌ನಲ್ಲಿ ಅದೇ ಎರಡು ಪೇಸ್ಟ್‌ಗಳ ಲೆಕ್ಕ 5 ಡಿಗ್ರಿ ಮತ್ತು 2.5 ಡಿಗ್ರಿ. ಚಿಪ್ ಬಿಸಿಯಾದಷ್ಟೂ ಸೋರಿಕೆ ವಿದ್ಯುತ್ತು ಹೆಚ್ಚಿ ಮತ್ತಷ್ಟು ಬಿಸಿಯಾಗುವುದರಿಂದ, ಮಿತಿಯ ಅಂಚಿನಲ್ಲಿ ನಿಂತವರಿಗೆ ಆ ಎರಡೂವರೆ ಡಿಗ್ರಿಯೂ ಬೆಲೆಯುಳ್ಳದ್ದು. ಆದರೆ ಪೇಸ್ಟ್ ಬದಲಿಸಿದ ಮಾತ್ರಕ್ಕೆ ಇನ್ನೂ 300 ಮೆಗಾಹರ್ಟ್ಸ್ ಸಿಗುತ್ತದೆ ಎಂದು ನಿರೀಕ್ಷಿಸಬಾರದು. ಬಹುತೇಕ ಸಂದರ್ಭಗಳಲ್ಲಿ ಪೇಸ್ಟ್‌ಗಿಂತ ಮೊದಲು ಕೂಲರಿನ ಸಾಮರ್ಥ್ಯವೋ ಆ ಸಿಲಿಕಾನ್ ಚೂರಿನ ಗುಣವೋ ಅಡ್ಡ ಬರುತ್ತದೆ.

ಮೇಲಿನ ಲೆಕ್ಕದಲ್ಲಿ ಎಲ್ಲರೂ ವಾಹಕತೆಯನ್ನೇ ನೋಡುತ್ತಾರೆ, ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಅದೇ ತಾನೇ. ಆದರೆ ದಪ್ಪ 50ರ ಬದಲು 100 ಮೈಕ್ರಾನ್ ಆದರೆ, ವಾಹಕತೆ 10 ಇರುವ ಪೇಸ್ಟ್ 5 ಇರುವ ಪೇಸ್ಟ್‌ನ ಮಟ್ಟಕ್ಕೇ ಇಳಿದುಬಿಡುತ್ತದೆ. ಕಣಗಳ ಗಾತ್ರ, ಪೇಸ್ಟ್‌ನ ಸ್ನಿಗ್ಧತೆ, ಕೂಲರ್ ಒತ್ತುವ ಬಲ, ತಳದ ಸಮತಟ್ಟು, ಇವು ದಪ್ಪವನ್ನು ನಿರ್ಧರಿಸುತ್ತವೆ. ಪೊಟ್ಟಣದ ಅಂಕಿಗಳನ್ನು ಎಲ್ಲ ತಯಾರಕರೂ ಒಂದೇ ವಿಧಾನದಲ್ಲಿ ಅಳೆದಿರುವುದಿಲ್ಲವಾದ್ದರಿಂದ ಅವುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದನ್ನು ನಾನಂತೂ ಬಿಟ್ಟಿದ್ದೇನೆ.

ದಪ್ಪದ ಮಹತ್ವಕ್ಕೆ ಇಂಟೆಲ್‌ನ ಐವಿ ಬ್ರಿಡ್ಜ್ ಪೀಳಿಗೆಯ ಪ್ರೊಸೆಸರ್‌ಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅದರ ಹಿಂದಿನ ಪೀಳಿಗೆಯಾದ 2011ರ ಸ್ಯಾಂಡಿ ಬ್ರಿಡ್ಜ್‌ನಲ್ಲಿ ಮುಚ್ಚಳದ ಒಳಗಿರುವ ಚಿಪ್ಪನ್ನು ಮುಚ್ಚಳಕ್ಕೆ ಬೆಸುಗೆ ಹಾಕಲಾಗಿತ್ತು. 2012ರಲ್ಲಿ ಬಂದ ಐವಿ ಬ್ರಿಡ್ಜ್‌ನ ಕೋರ್ ಐ7-3770ಕೆಯಂಥ ಚಿಪ್‌ಗಳಲ್ಲಿ ಬೆಸುಗೆಯ ಜಾಗಕ್ಕೆ ಪೇಸ್ಟ್ ಬಂತು. ಓವರ್‌ಕ್ಲಾಕ್ ಮಾಡಿದಾಗ ತಾಪಮಾನ ಜಿಗಿಯುವುದನ್ನು ಕಂಡ ಉತ್ಸಾಹಿಗಳು ಮುಚ್ಚಳವನ್ನೇ ಕಿತ್ತು ನೋಡಿದರು. ಎಲ್ಲರ ಬೈಗುಳವೂ ಪೇಸ್ಟ್‌ಗೇ ಬಿತ್ತು. ಆದರೆ ಮುಚ್ಚಳವನ್ನು ಹಿಡಿದಿದ್ದ ಕಪ್ಪು ಅಂಟು ಅದನ್ನು ಚಿಪ್‌ನಿಂದ ತುಸು ಮೇಲೆತ್ತಿ, ಪೇಸ್ಟ್ ಪದರವನ್ನು ದಪ್ಪವಾಗಿಸಿದ್ದೂ ದೊಡ್ಡ ಕಾರಣವಾಗಿತ್ತು. ಆ ಚಿಪ್‌ನ ವಿಸ್ತೀರ್ಣ ಬರೀ 160 ಚದರ ಮಿಲಿಮೀಟರ್. ಅಷ್ಟು ಕಿರಿದಾದ ಜಾಗದಲ್ಲಿ 100 ವ್ಯಾಟ್ ಹಾಯುವಾಗ, ವಾಹಕತೆ 5 ಎಂದಿಟ್ಟುಕೊಂಡರೆ, 50 ಮೈಕ್ರಾನ್‌ಗೆ 6 ಡಿಗ್ರಿ, 100 ಮೈಕ್ರಾನ್‌ಗೆ 12 ಡಿಗ್ರಿ ಮೀರುತ್ತದೆ. 2018ರ ಒಂಬತ್ತನೇ ಪೀಳಿಗೆಯ ಐ9-9900ಕೆಯಲ್ಲಿ ಬೆಸುಗೆ ಮರಳಿತು.

ಹಚ್ಚುವ ವಿಧಾನದ ಕುರಿತು ನಡೆಯುವ ವಾಗ್ವಾದಗಳು ವಿಷಯಕ್ಕಿಂತ ದೊಡ್ಡವು. ನಡುವೆ ಒಂದು ಬೊಟ್ಟು, ಒಂದು ಗೆರೆ, ಗುಣಾಕಾರದ ಗುರುತು, ಯಾವುದಾದರೂ ಸರಿ. ಮುಚ್ಚಳ ಪೂರ್ತಿ ಮುಚ್ಚುವಷ್ಟಿದ್ದರೆ ಸಾಕು. ಹೆಚ್ಚಾದದ್ದನ್ನು ಒತ್ತಡವೇ ಅಂಚಿಗೆ ತಳ್ಳುತ್ತದೆ, ಕಡಿಮೆಯಾದರೆ ಮಾತ್ರ ಕಷ್ಟ. ನಾನು ಹೆಚ್ಚು ನಂಬುವುದು ಕೂಲರ್ ಬಿಚ್ಚಿದಾಗ ಕಾಣುವ ಅಚ್ಚನ್ನು. ಮಧ್ಯದಲ್ಲಿ ಪೇಸ್ಟ್ ಪಾರದರ್ಶಕವೆನ್ನುವಷ್ಟು ತೆಳುವಾಗಿ, ಲೋಹದ ಬಣ್ಣ ಇಣುಕುತ್ತಿದ್ದರೆ ಒತ್ತಡ ಸರಿಯಾಗಿದೆ. ಒಂದು ಬದಿ ತೆಳುವಾಗಿ, ಎದುರು ಬದಿಯಲ್ಲಿ ಪೇಸ್ಟ್ ಎಳೆಎಳೆಯಾಗಿ ದಪ್ಪಗೆ ನಿಂತಿದ್ದರೆ ತಿರುಪುಗಳನ್ನು ಸಮನಾಗಿ ಬಿಗಿದಿಲ್ಲವೆಂದೇ ಅರ್ಥ, ಅದನ್ನು ಯಾವ ದುಬಾರಿ ಪೇಸ್ಟೂ ಸರಿಪಡಿಸಲಾರದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸದಾಗಿಯೇ ಹಚ್ಚಬೇಕು.

ಗುಣಮಟ್ಟ ನಿಜವಾಗಿ ತೋರುವುದು ತಿಂಗಳುಗಳು ಕಳೆದ ಮೇಲೆ. ಚಿಪ್ ಬಿಸಿಯಾಗಿ ತಣಿಯುವಾಗ ಎರಡೂ ಮೇಲ್ಮೈಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ, ಆ ಚಲನೆ ಪೇಸ್ಟನ್ನು ಮೆಲ್ಲಗೆ ಹೊರಕ್ಕೆ ತಳ್ಳುತ್ತದೆ. ಮುಚ್ಚಳವಿಲ್ಲದ ಬೆತ್ತಲೆ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಈ ಕಾಟ ಹೆಚ್ಚು. ಅಲ್ಲಿ ಗಟ್ಟಿ ಪೇಸ್ಟೋ, ಸುಮಾರು 45 ಡಿಗ್ರಿಯಲ್ಲಿ ಮೆದುವಾಗಿ ಸಂದು ತುಂಬುವ ಹನಿವೆಲ್ ಪಿಟಿಎಂ7950ನಂಥ ಹಾಳೆಯೋ ಮೇಲು.

ಗ್ಯಾಲಿಯಂ ಮಿಶ್ರಲೋಹದ ದ್ರವಲೋಹ ಇವೆಲ್ಲಕ್ಕಿಂತ ಚೆನ್ನಾಗಿ ಶಾಖ ಸಾಗಿಸುತ್ತದೆ. 2020ರ ಪ್ಲೇಸ್ಟೇಷನ್ 5ರಲ್ಲಿ ಸೋನಿ ಬಳಸಿದ್ದು ಇದನ್ನೇ. ಆದರೆ ಇದು ವಿದ್ಯುತ್ ವಾಹಕ, ಒಂದು ಹನಿ ಮದರ್‌ಬೋರ್ಡ್‌ಗೆ ಬಿದ್ದರೆ ಶಾರ್ಟ್ ಆಗಬಹುದು. ಅಲ್ಯೂಮಿನಿಯಂನೊಳಗೆ ಇಳಿದು ಅದನ್ನು ಪುಡಿಪುಡಿಯಾಗಿಸುತ್ತದೆ ಕೂಡ. ಕೂಲರಿನ ತಳ ನಿಕಲ್ ಲೇಪಿತ ತಾಮ್ರವೆಂದು ಖಚಿತವಿಲ್ಲದವರು ಇದರ ಗೋಜಿಗೆ ಹೋಗದಿರುವುದು ಲೇಸು.

ಪೇಸ್ಟ್ ಬದಲಿಸಿದ ಮೇಲೆ ಅಳೆಯುವ ಕ್ರಮವೂ ಈಚೆಗೆ ಬದಲಾಗಬೇಕಾಗಿದೆ. 2022ರಲ್ಲಿ ಬಂದ ಎಎಂಡಿ ರೈಜೆನ್ 7000 ಸರಣಿಯ ಹೆಚ್ಚು ವ್ಯಾಟ್‌ನ ಚಿಪ್‌ಗಳು ಭಾರಿ ಕೆಲಸದ ಹೊತ್ತಿನಲ್ಲಿ 95 ಡಿಗ್ರಿ ತಲುಪುವವರೆಗೂ ತಾವಾಗಿಯೇ ವೇಗ ಏರಿಸಿಕೊಳ್ಳುತ್ತವೆ. ಅಲ್ಲಿ ಉತ್ತಮ ಪೇಸ್ಟ್ ಹಚ್ಚಿದರೂ ತಾಪಮಾಪಕ 95 ಎಂದೇ ತೋರಿಸಬಹುದು. ಲಾಭವಿದ್ದರೆ ಅದು ಕ್ಲಾಕ್ ವೇಗದಲ್ಲಿ ಕಾಣುತ್ತದೆ. ಆದ್ದರಿಂದ ಕೋಣೆಯ ತಾಪಮಾನ ಬರೆದಿಟ್ಟುಕೊಂಡು, ಫ್ಯಾನ್ ವೇಗವನ್ನು ಒಂದೇ ಮಟ್ಟಕ್ಕೆ ಕಟ್ಟಿಹಾಕಿ, ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನೆಬೆಂಚ್‌ನಂಥ ಪರೀಕ್ಷಾ ತಂತ್ರಾಂಶವನ್ನು ಅಂಕಿಗಳು ಸ್ಥಿರವಾಗುವ ತನಕ ಓಡಿಸಿ, ತಾಪಮಾನ, ವ್ಯಾಟ್, ವೇಗ ಮೂರನ್ನೂ ಒಟ್ಟಿಗೆ ನೋಡಬೇಕು.